ನೀಲಿಯೊಳಗಿನ ಅಡುಗೆಮನೆ

"ಇದೇನಾ ನಮ್ಮನೆ?" ಎಂದು ಅಣ್ಣ ಕಂಪ್ಯೂಟರ್ ಪರದೆಯ ಮೇಲೆ ಬೆರಳೊತ್ತಿದ. ಪರದೆಗೆ ಬೆರಳು ತಾಗಿಸುವವರನ್ನು ಕಂಡರೆ ತಂಗಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಅಣ್ಣ ಈ ಕಚೇರಿಗೆ ಬಂದದ್ದೇ ಮೊದಲ ಸಲ, ಅದೂ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ. ಹಲ್ಲು ಕಚ್ಚಿಕೊಂಡು ಮೌಸಿನ ಬಾಣವನ್ನು ಪಕ್ಕದ ಚೌಕಕ್ಕೆ ಸರಿಸಿದಳು.

"ಅದು ಪಕ್ಕದವರ ನೀರಿನ ತೊಟ್ಟಿ. ಇದು ನಿಮ್ಮನೆ."

ಮೇಲಿನಿಂದ ನೋಡಿದರೆ ಮನೆಯೆಂದರೆ ಬೂದು ಬಣ್ಣದ ಒಂದು ಚೌಕ, ಅಷ್ಟೆ. ಅದರ ಹಿಂದಿನ ಮೂಲೆಯನ್ನು ನೀಲಿ ಬಣ್ಣ ಕಚ್ಚಿತ್ತು. ಹೊಳೆ ಉಕ್ಕಿದರೆ ನೀರು ಎಲ್ಲಿಯವರೆಗೆ ನುಗ್ಗುತ್ತದೆ ಎಂದು ತೋರಿಸುವ ನೀಲಿ ಅದು. ನಗರಸಭೆಗಾಗಿ ಹೊಳೆಯ ಪರಿಸರ ಅಧ್ಯಯನ ಮಾಡುತ್ತಿದ್ದ ಆ ಸಣ್ಣ ಕಚೇರಿಯಲ್ಲಿ ಜಿಐಎಸ್ ಎಂಬ ಕಂಪ್ಯೂಟರ್ ನಕ್ಷೆಯ ಕೆಲಸ ಪೂರ್ತಿ ಅವಳದೇ. ನೀಲಿಯೊಳಗೆ ಬಿದ್ದ ಮನೆಗಳನ್ನು ತೆರವು ಮಾಡಿಸುವುದೆಂದು ನಗರಸಭೆ ಆಗಲೇ ಹೇಳಿಬಿಟ್ಟಿತ್ತು.

"ಅಡುಗೆಮನೆ ಮಾತ್ರ ತಾನೆ ಒಳಗಿರೋದು? ಅಷ್ಟಕ್ಕೇ ಇಡೀ ಮನೆ ಬಿಡ್ಬೇಕಾ?"

"ಗೆರೆ ಮುಟ್ಟಿದ್ರೆ ಮುಗೀತು ಅಣ್ಣ. ನಿಯಮ ಹಾಗಿದೆ."

"ಹಾಗಾದ್ರೆ ಒಂಚೂರು ಹಿಂದಕ್ಕೆ ತಗೋ. ನಿನ್ನ ಮಷೀನಿಗೆ ರಿವರ್ಸ್ ಗೇರ್ ಇಲ್ವಾ?"

ಅಣ್ಣ ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರು. ಹೊಸಬರು ಗೋಡೆಗೆ ಗುದ್ದಲು ಹೊರಟಾಗಲೂ ತಮಾಷೆ ಮಾಡಿಕೊಂಡೇ ಬ್ರೇಕ್ ಒತ್ತುವವನು. ಈಗಲೂ ನಗುತ್ತಲೇ ಕೇಳಿದ. ಕಣ್ಣು ಮಾತ್ರ ನಗುತ್ತಿರಲಿಲ್ಲ.

"ಗೆರೆ ನಾನು ಎಳೆಯೋದಲ್ಲ. ನೆಲದ ಎತ್ತರ ಎಷ್ಟು ಅಂತ ಕೊಡ್ತೀನಿ. ಎಲ್ಲಿ ತಗ್ಗಿದೆಯೋ ಅಲ್ಲಿಗೆ ಕಂಪ್ಯೂಟರ್ರು ನೀರು ಬಿಡುತ್ತೆ. ನೆಲ ಬದಲಾದ್ರೆ ಗೆರೆ ಬದಲಾಗಲಿ. ನಾನಾಗಿ ಸರಿಸಿದ್ರೆ ಅದು ಸುಳ್ಳು."

"ಕೂದಲೆಳೆಯಷ್ಟು ಸರಿಸಿದ್ರೆ ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತೆ."

ಮಾತು ಮುಗಿದ ಮೇಲೆ ಅವಳಿಗೆ ಹೆಮ್ಮೆಯಾಯಿತು. ಮುಚ್ಚಿಡುವುದೇಕೆ, ಒಳಗೊಳಗೇ ಚೆನ್ನಾಗಿ ಬೀಗಿದಳು. ಅಪ್ಪ ಹೋದ ಮೇಲೆ ತಾನು ಓದು ಬಿಟ್ಟು ಅವಳನ್ನು ಓದಿಸಿದ ಅಣ್ಣನಿಗೇ ಆಗುವುದಿಲ್ಲ ಎಂದ ಮೇಲೆ ಇನ್ನು ತನ್ನನ್ನು ಯಾರು ಅಲ್ಲಾಡಿಸುತ್ತಾರೆ ಅಂದುಕೊಂಡಳು. ಅಣ್ಣ ಎದ್ದ. "ಆಯ್ತಮ್ಮ, ಸತ್ಯವಂತೆ," ಎಂದು ಅವಳ ತಲೆ ಸವರಿ ಹೊರಟುಹೋದ. ಆ ಸಂಜೆ ಅತ್ತಿಗೆ ಫೋನು ಮಾಡಿ ಒಂದೇ ಮಾತು ಆಡಿದಳು: "ಬೇರೆಯವರು ಮುಳುಗಿಸಿದ್ರೆ ಬಾಯ್ತುಂಬ ಬೈದಾದ್ರೂ ಬೈತಿದ್ವಿ." ಆಮೇಲೆ ಅವಳ ಕರೆಗಳನ್ನು ಎತ್ತುವುದನ್ನೇ ಬಿಟ್ಟಳು.

ಕಚೇರಿಯ ಮುಖ್ಯಸ್ಥರು ಪ್ರತಿಯೊಂದು ಫೈಲಿಗೂ 'ಫೈನಲ್' ಎಂದು ಹೆಸರಿಟ್ಟು ಮರುದಿನವೇ ತಿದ್ದುತ್ತಿದ್ದರು. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಫೈನಲ್ ಸರ್. ನಕ್ಷೆ ಮುಗಿಯಿತು ಎಂದು ಅವಳು ಕೈ ಕೊಡವಿಕೊಳ್ಳುವ ಹೊತ್ತಿಗೆ ಅವರು ಒಂದು ಪೆನ್‌ಡ್ರೈವ್ ತಂದು ಮೇಜಿನ ಮೇಲಿಟ್ಟರು.

"ಹೊಳೆಯಂಚಿನ ಅಪಾರ್ಟ್‌ಮೆಂಟಿನವರು ತಮ್ಮ ಜಾಗ ಹೊಸದಾಗಿ ಅಳತೆ ಮಾಡಿಸಿದ್ದಾರೆ. ಈ ಎತ್ತರ ಸೇರಿಸಿ ಇನ್ನೊಂದ್ಸಲ ಲೆಕ್ಕ ಓಡಿಸಿಬಿಡು."

ಮೊದಲಿನ ನಕ್ಷೆಯಲ್ಲಿ ಆ ಜಾಗವೆಲ್ಲ ಅಪ್ಪಟ ನೀಲಿ. ಹೊಳೆ ತುಂಬಿದಾಗ ನೀರು ಕಾಲು ಚಾಚಿಕೊಳ್ಳಲೆಂದೇ ಇದ್ದ ತಗ್ಗು ಅದು. ಅವಳು ಹೊಸ ಎತ್ತರಗಳನ್ನು ಸೇರಿಸಿ ಓಡಿಸಿದಳು. ನೀಲಿ ಆ ಜಾಗವನ್ನು ಬಿಟ್ಟು ಹಿಂದೆ ಸರಿಯಿತು. ಕಾಂಪೌಂಡಿನ ಗೋಡೆಯನ್ನು ಬಳಸಿಕೊಂಡು, ಮರ್ಯಾದಸ್ಥ ಅತಿಥಿಯ ಹಾಗೆ ಒಳಗೆ ಕಾಲಿಡದೆ ಸುತ್ತಿಕೊಂಡು ಹೋಯಿತು. ಅಲ್ಲಿ ಜಾಗ ಸಿಗದ ನೀರು ಇನ್ನೆಲ್ಲಿಗೆ ಹೋಗಬೇಕು? ಎದುರು ದಂಡೆಯಲ್ಲಿ ಅಣ್ಣನ ಮನೆಯಿದ್ದ ಕೆಳಬೀದಿಗೆ ಬಂತು. ಅಣ್ಣನ ಅಡುಗೆಮನೆ, ನಡುಮನೆ, ಮುಂಬಾಗಿಲ ಮೆಟ್ಟಿಲು ಎಲ್ಲವೂ ನೀಲಿಯಾಯಿತು. ಅವಳು ಮತ್ತೆ ಓಡಿಸಿದಳು. ಮತ್ತೆ ಅದೇ ಬಂತು.

"ಸರ್, ಇದು ಮಣ್ಣು ತುಂಬಿ ಎಬ್ಬಿಸಿದ ಎತ್ತರ. ಲಾರಿಗಳು ಓಡಾಡೋದನ್ನ ಊರೇ ನೋಡಿದೆ."

"ನಾನೂ ನೋಡಿದ್ದೀನಿ. ಆದ್ರೆ ನಮ್ಮ ಕೆಲಸ ನೆಲ ಹೇಗಿದೆ ಅನ್ನೋದು. ಹೇಗಾಯ್ತು ಅನ್ನೋದಲ್ಲ."

"ಹಳೇ ಎತ್ತರಾನೇ ಇಟ್ಕೊಂಡ್ರೆ?"

"ಇಲ್ಲದ ತಗ್ಗನ್ನ ತೋರಿಸಿದ ಹಾಗಾಗುತ್ತೆ. ತೋರಿಸ್ತೀಯಾ?"

ಲಂಚದ ಮಾತು ಬಂದಿದ್ದರೆ, ದಬಾಯಿಸಿದ್ದರೆ ರಾಜೀನಾಮೆ ಎಸೆದು ಹೋಗಬಹುದಿತ್ತು. ಫೈನಲ್ ಸರ್ ಹೇಳಿದ್ದು ನಿಜವೇ ಆಗಿತ್ತು. ನಕ್ಷೆಯಲ್ಲಿ ಹುಡುಕಿದರೂ ಒಂದು ಸುಳ್ಳಿಲ್ಲ. ಮಣ್ಣು ತುಂಬಿದ್ದರ ಬಗ್ಗೆ ವರದಿಯಲ್ಲಿ ಅವಳೇ ಒಂದು ವಾಕ್ಯ ಸೇರಿಸಿದಳು. "ಇದು ಬೇರೆ ಇಲಾಖೆಯವರ ತಲೆನೋವು," ಎಂದು ಅವರು ಅದನ್ನು ಅಳಿಸಿದರು. ಅವಳು ಪಕ್ಕದಲ್ಲೇ ಕೂತು ನೋಡಿದಳು, ಅಷ್ಟೇ ಮಾಡಿದಳು.

ಸಾರ್ವಜನಿಕ ಸಭೆಯಲ್ಲಿ ನಕ್ಷೆಯನ್ನು ಗೋಡೆಯ ತುಂಬ ದೊಡ್ಡದು ಮಾಡಿ ತೋರಿಸಿದರು. ವಿವರಿಸುವ ಕೆಲಸ ಅವಳದು. ಕೆಳಬೀದಿಯವರು ಹಿಂದಿನ ಕುರ್ಚಿಗಳಲ್ಲಿ ಕೂತಿದ್ದರು. ಅಣ್ಣ ಕೈಯೆತ್ತಿ ನಿಂತ. ಹುಟ್ಟಿದಾಗಿನಿಂದ ಅವಳನ್ನು ಮರಿ ಎಂದು ಕರೆದವನು, "ಮೇಡಂ," ಎಂದು ಶುರುಮಾಡಿದ.

"ಮೇಡಂ, ಮೊದಲ ನಕ್ಷೇಲಿ ನಮ್ಮ ಅಡುಗೆಮನೆ ಮಾತ್ರ ಮುಳುಗಿತ್ತು. ಈಗ ಪೂರ್ತಿ ಮನೆ ಮುಳುಗಿದೆ. ನಾವೇನೂ ನೆಲ ಅಗೆದಿಲ್ಲವಲ್ಲ?"

ಕೆಲವರು ನಕ್ಕರು. ಅವಳು ಕೈಯಲ್ಲಿದ್ದ ಕಾಗದ ನೋಡಿಕೊಂಡು ಹೇಳಿದಳು.

"ನೆಲದ ಎತ್ತರದ ಹೊಸ ಮಾಹಿತಿ ಬಂದಿದೆ."

"ಯಾರ ನೆಲದ್ದು?"

ಫೈನಲ್ ಸರ್ ಗಡಿಯಾರ ನೋಡಿಕೊಳ್ಳುತ್ತಿದ್ದರು. ಅಪಾರ್ಟ್‌ಮೆಂಟಿನ ಹೆಸರು ಅವಳ ನಾಲಿಗೆಯ ತುದಿಯಲ್ಲೇ ಇತ್ತು. "ಆ ಪ್ರದೇಶದ್ದು," ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. ಹೇಳಿದ ಕ್ಷಣದಲ್ಲೇ ತನ್ನ ಬಗ್ಗೆ ಅವಳಿಗೆ ಹೇಸಿಗೆಯಾಯಿತು.

"ಅಂದ್ರೆ ಮಣ್ಣು ಹಾಕಿ ಎತ್ತರ ಮಾಡಿದ್ರೆ ಗೆರೆ ಸರಿಯುತ್ತೆ. ಅಷ್ಟೇ ತಾನೆ ಮೇಡಂ?"

ಇಡೀ ಸಭೆ ಅವಳ ಕಡೆ ನೋಡುತ್ತಿತ್ತು. "ಹೌದು," ಎಂದಳು. ಅಣ್ಣ ಥ್ಯಾಂಕ್ಸ್ ಹೇಳಿ ಕೂತ.

ಭಾನುವಾರ ಬೆಳಿಗ್ಗೆ, ಕಾಲಿಗೆ ಬಿದ್ದಾದರೂ ಸರಿ, ಕ್ಷಮೆ ಕೇಳಬೇಕು ಎಂದು ಮನಸ್ಸು ಗಟ್ಟಿಮಾಡಿಕೊಂಡು ಕೆಳಬೀದಿಗೆ ಹೋದಳು. ಮನೆಯ ಮುಂದೆ ಕೆಮ್ಮಣ್ಣಿನ ರಾಶಿ ಬಿದ್ದಿತ್ತು. ಡ್ರೈವಿಂಗ್ ಸ್ಕೂಲಿನ ಕಾರು ಡಿಕ್ಕಿ ತೆರೆದುಕೊಂಡು ನಿಂತಿತ್ತು, ಅದರೊಳಗೂ ಮಣ್ಣಿನ ಚೀಲಗಳು. ಅಣ್ಣ ಚಡ್ಡಿ ಬನಿಯನ್ನಿನಲ್ಲಿ ಬಾಂಡ್ಲಿಗೆ ಮಣ್ಣು ತುಂಬುತ್ತಿದ್ದ. ಒಳಗೆ ಅತ್ತಿಗೆ ಸೀರೆ ಎತ್ತಿ ಕಟ್ಟಿಕೊಂಡು, ಹೊರೆಯಷ್ಟು ಭಾರದ ಮರದ ತುಂಡಿನಿಂದ ಮಣ್ಣು ಗಟ್ಟಿಯಾಗಲೆಂದು ದಮ್ಮಸು ಬಡಿಯುತ್ತಿದ್ದಳು. ನಡುಮನೆಯ ನೆಲ ಆಗಲೇ ಏರಿತ್ತು. ಎದೆಮಟ್ಟಕ್ಕಿದ್ದ ಕಿಟಕಿ ಸೊಂಟಕ್ಕೆ ಬಂದಿತ್ತು, ಸ್ವಿಚ್ಚುಗಳೂ ಅಷ್ಟೇ ಕೆಳಕ್ಕೆ ಇಳಿದಿದ್ದವು.

"ಬಂದ್ಯಾ ಮರಿ? ಸರಿಯಾದ ಹೊತ್ತಿಗೇ ಬಂದೆ." ಅವನ ದನಿಯಲ್ಲಿ ಕೋಪದ ಸುಳಿವೂ ಇರಲಿಲ್ಲ. ಕೋಪವಿದ್ದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ. "ಮತ್ತೆ ಅಳತೆ ಮಾಡಿ ಅಂತ ಅರ್ಜಿ ಕೊಟ್ಟಿದ್ದೀನಿ. ಅವರಷ್ಟು ಲಾರಿ ನಮ್ಮ ಹತ್ರ ಎಲ್ಲಿಂದ ಬರ್ಬೇಕು? ಕಾರಲ್ಲೇ ಹೊಡೀತಿದ್ದೀನಿ. ಕ್ಲಚ್ಚು ಅಳ್ತಾ ಇದೆ."

"ಅಣ್ಣ..."

"ಅದೆಲ್ಲ ಬಿಡು. ನೀನೇ ಲೆಕ್ಕ ಗೊತ್ತಿರೋಳು. ಇನ್ನೆಷ್ಟು ಹಾಕ್ಬೇಕು, ಅದು ಹೇಳು."

ಅವಳಿಗೆ ಲೆಕ್ಕ ಗೊತ್ತಿತ್ತು. ಅವಳ ನಕ್ಷೆ ನೆಲವನ್ನು ದೊಡ್ಡ ದೊಡ್ಡ ಚೌಕಗಳಾಗಿ ನೋಡುತ್ತದೆ. ಈ ಮನೆ, ಅಕ್ಕಪಕ್ಕದ ಮನೆಗಳು, ಮುಂದಿನ ಬೀದಿ ಎಲ್ಲ ಸೇರಿ ಒಂದು ಚೌಕ, ಅದಕ್ಕೆ ಒಂದೇ ಎತ್ತರ. ಅದೂ ಬಯಲಿನ ಎತ್ತರ. ಸೂರಿನ ಕೆಳಗಿನ ನೆಲವನ್ನು ಅದು ಅಳೆಯುವುದೇ ಇಲ್ಲ. ಅಣ್ಣ ಮಾಡಿನವರೆಗೆ ಮಣ್ಣು ತುಂಬಿದರೂ ನೀಲಿ ಇದ್ದಲ್ಲೇ ಇರುತ್ತದೆ. ಇಷ್ಟನ್ನು ಹೇಳಿಬಿಡಬೇಕೆಂದು ಬಾಯಿ ತೆರೆದಳು. ಅತ್ತಿಗೆ ಬಡಿಯುವುದನ್ನು ನಿಲ್ಲಿಸಿ, ಇಷ್ಟು ದಿನದ ಮೇಲೆ ಮೊದಲ ಸಲ, ಅವಳ ಮುಖವನ್ನೇ ನೋಡುತ್ತಿದ್ದಳು. ಅತ್ತಿಗೆಯ ಕೈತುಂಬ ಬೊಕ್ಕೆಗಳು ಎದ್ದಿದ್ದವು.

"ಇನ್ನು ಸ್ವಲ್ಪ," ಎಂದಳು ತಂಗಿ.

"ಸ್ವಲ್ಪ ಅಂದ್ರೆ?"

ಅವಳು ಬಗ್ಗಿ ತನ್ನ ಮೊಣಕಾಲಿನ ಹತ್ತಿರ ಅಂಗೈ ಹಿಡಿದು ತೋರಿಸಿದಳು.

"ಅಷ್ಟೇನಾ! ನೋಡಿದ್ಯೇನೇ, ನಾನು ಹೇಳಲಿಲ್ವಾ?" ಎಂದು ಹೆಂಡತಿಯ ಕಡೆ ನೋಡಿ ಅಣ್ಣ ನಕ್ಕ. ಮಣ್ಣು ತುಂಬಿದ ಬಾಂಡ್ಲಿಯನ್ನು ಎತ್ತಿಕೊಂಡು, ಬಾಗಿಲ ಮೇಲಿನ ಪಟ್ಟಿ ತಾಗದಂತೆ ತಲೆ ತಗ್ಗಿಸಿ, ಬೆನ್ನು ಬಾಗಿಸಿ ಒಳಗೆ ಹೋದ.