ಗೋಡೆಯ ಮೇಲೆ ಎಲ್ಲ ಹಸಿರು

ತಪ್ಪನ್ನೆಲ್ಲ ನನ್ನ ಚಿಕ್ಕಮ್ಮನ ತಲೆಗೆ ಕಟ್ಟಲು ಹಸಿರಪ್ಪನವರು ಬೆಳಿಗ್ಗೆಯೇ ಸಜ್ಜಾಗಿ ಬಂದಿದ್ದರು. ಹಸಿರಪ್ಪ ಎನ್ನುವುದು ನಾವಿಟ್ಟ ಹೆಸರು. ಅವರು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು; ಯಾರು ಏನು ಕೇಳಿದರೂ ಗೋಡೆಯ ದೊಡ್ಡ ಪರದೆಯತ್ತ ಕೈತೋರಿಸಿ "ಎಲ್ಲ ಹಸಿರಿದೆ" ಅನ್ನುವುದೇ ಅವರ ಕೆಲಸ. ಅವರ ಕೈಕೆಳಗೆ ಸರ್ವರ್ ನೋಡಿಕೊಳ್ಳುವವಳು ನಾನು. ಚಿಕ್ಕಮ್ಮ ಅದೇ ಆಸ್ಪತ್ರೆಯ ಔಷಧಿ ಉಗ್ರಾಣದಲ್ಲಿದ್ದಾಳೆ.

ಉಗ್ರಾಣದ ದೊಡ್ಡ ಫ್ರಿಜ್ಜು ಬಿಸಿಯಾಗಿ ಇನ್ಸುಲಿನ್ನೆಲ್ಲ ಹಾಳಾಗಿತ್ತು. ಚಿಕ್ಕಮ್ಮ ಅದರ ಬಾಗಿಲು ತೆರೆದಿಟ್ಟೇ ಮನೆಗೆ ಹೋಗಿದ್ದಳು ಎಂಬುದು ಆರೋಪ. ಹಾಳಾದದ್ದನ್ನು ಹೊರಗೆ ಸಾಗಿಸಿ, ಫ್ರಿಜ್ಜಿನ ಬಾಗಿಲು ಮುಚ್ಚಿ, ಉಗ್ರಾಣಕ್ಕೆ ಬೀಗ ಜಡಿದು, ಕೀಲಿಯನ್ನು ಹಸಿರಪ್ಪನವರೇ ಇಟ್ಟುಕೊಂಡಿದ್ದರು. ಇವತ್ತು ನಮ್ಮ ವಿಭಾಗದಲ್ಲೇ ದೊಡ್ಡ ಡಾಕ್ಟರ ಮುಂದೆ ಚಿಕ್ಕಮ್ಮ ತಪ್ಪೊಪ್ಪಿಕೊಳ್ಳಬೇಕು, ಇಲ್ಲವೇ ಕೆಲಸ ಬಿಡಬೇಕು. ಒಪ್ಪಿಕೊಂಡರೂ ಕೆಲಸ ಉಳಿಯುವ ಭರವಸೆಯೇನೂ ಇರಲಿಲ್ಲ.

"ನೋಡಿ ಸಾರ್," ಹಸಿರಪ್ಪನವರು ಡಾಕ್ಟರಿಗೆ ಸಮಾಧಾನವಾಗಿ ವಿವರಿಸಿದರು, "ಫ್ರಿಜ್ ಕೆಟ್ಟಿದ್ರೆ ಸರ್ವರ್ ನಮ್ಗೆಲ್ಲ ಮೆಸೇಜ್ ಕಳಿಸ್ತಿತ್ತು. ಬಾಗಿಲು ತೆಗೆದಿಟ್ರೆ ಮಾತ್ರ ಅದಕ್ಕೆ ಗೊತ್ತಾಗಲ್ಲ."

ಅದು ಹಸಿ ಸುಳ್ಳು. ಬಾಗಿಲು ತೆರೆದಿರಲಿ, ಮುಚ್ಚಿರಲಿ, ಅದು ನೋಡುವುದು ಒಳಗಿನ ಬಿಸಿಯನ್ನು. ನನ್ನ ಮೈ ಉರಿದುಹೋಯಿತು.

"ಸಾರ್, ಮೆಸೇಜ್ ಕಳಿಸೋ ಸರ್ವಿಸ್ ಓಡ್ತಾ ಇದೆಯಾ ಅಂತ ಯಾರಾದ್ರೂ ನೋಡಿದ್ರಾ?"

"ಪರದೆ ಹಸಿರಿದೆಯಲ್ಲಮ್ಮ!"

ಪರದೆಯಂತೆ ಪರದೆ! ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವ ಪ್ರೋಗ್ರಾಂ ಬೇರೆ, ಪರದೆಗೆ ಬಣ್ಣ ಹಚ್ಚುವ ಪ್ರೋಗ್ರಾಂ ಬೇರೆ. ಕಾಯುವವನು ಸತ್ತುಬಿದ್ದರೂ ಇದು ಹಸಿರನ್ನೇ ತೋರಿಸುತ್ತಾ ಕೂರುತ್ತದೆ. ಇದನ್ನು ಬದಲಿಸೋಣ ಅಂತ ನಾನು ಎಷ್ಟು ಸಲ ಬಾಯಿ ಬಡಿದುಕೊಂಡರೂ ಅವರು ಕಿವಿ ಮೇಲೆ ಹಾಕಿಕೊಂಡಿರಲಿಲ್ಲ.

ಅಪ್ಪಣೆಗೆ ಕಾಯದೆ ಸರ್ವರಿಗೆ ಆಜ್ಞೆ ಕೊಡುವ ಲಿನಕ್ಸಿನ ಕಪ್ಪು ಕಿಟಕಿ ತೆರೆದೆ. ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಎಂದು ಟೈಪಿಸಿ ಸರ್ವಿಸಿನ ಹೆಸರು ಕೊಟ್ಟು, ಅದು ಓಡುತ್ತಿದೆಯೇ ಎಂದು ಕೇಳಿದೆ. ಉತ್ತರ ಒಂದೇ ಕ್ಷಣದಲ್ಲಿ ಬಂತು: ಇನ್‌ಆಕ್ಟಿವ್, ಡೆಡ್.

"ನಿಂತಿದೆ," ಡಾಕ್ಟರಿಗೆ ಹೇಳಿದೆ. "ನಿಂತಿರೋದು ಮೆಸೇಜ್ ಹೇಗೆ ಕಳ್ಸುತ್ತೆ?"

ಹಸಿರಪ್ಪನವರು ನಕ್ಕರು. "ಮಷೀನು ಸಾರ್, ಒಂದೊಂದ್ಸಲ ತಾನಾಗೇ ಬಿದ್ದುಹೋಗುತ್ತೆ. ಅದಕ್ಕೂ ಬಾಗಿಲಿಗೂ ಏನು ಸಂಬಂಧ? ಹೆಂಗಸರಿಗೆ ಮನೆ ಚಿಂತೆ ಜಾಸ್ತಿ, ಅವಸರದಲ್ಲಿ ಮರೆತಿರ್ತಾರೆ."

ಚಿಕ್ಕಮ್ಮ ತಲೆ ತಗ್ಗಿಸಿದಳು. ಯಾವತ್ತೂ ಯಾರಿಗೂ ತಲೆ ತಗ್ಗಿಸದವಳು! ಹಲ್ಲು ಕಚ್ಚಿಕೊಂಡು ನಾನು ಸ್ಟಾರ್ಟ್ ಎಂದು ಟೈಪಿಸಿ ಎಂಟರ್ ಒತ್ತಿದೆ.

ಸ್ವಲ್ಪ ಹೊತ್ತಿಗೇ ಮೇಜಿನ ಸ್ಪೀಕರು ಕಿರುಚಲು ಶುರುಮಾಡಿತು. ಗೋಡೆಯ ಮೇಲೆ ಒಂದು ಚೌಕ ಕೆಂಪಾಯಿತು. ಡಾಕ್ಟರ ಫೋನು, ನನ್ನ ಫೋನು, ಚಿಕ್ಕಮ್ಮನ ಮಡಿಲಲ್ಲಿದ್ದ ಫೋನು, ಎಲ್ಲ ಒಟ್ಟಿಗೆ ಬಡಿದುಕೊಂಡವು. ಡಾಕ್ಟರು ಓದಿದರು: "ಉಗ್ರಾಣದ ಫ್ರಿಜ್ಜು ಬಿಸಿಯಾಗಿದೆ."

"ಈಗಲೂ ಬಿಸಿನಾ? ಬಾಗಿಲು ಮುಚ್ಚಿ, ಬೀಗ ಹಾಕಿದೆಯಲ್ವಾ?" ಎಂದರು ಅವರು.

"ಅದು ಸಾರ್..." ಎನ್ನುತ್ತಲೇ ಹಸಿರಪ್ಪನವರು ಹುಬ್ಬು ಗಂಟಿಕ್ಕಿ ನನ್ನ ಭುಜದ ಮೇಲಿಂದ ಬಗ್ಗಿದರು. ಕೀಲಿಮಣೆಯತ್ತ ನೋಡಲೂ ಇಲ್ಲ. ಬೆರಳುಗಳು ತಾವಾಗಿಯೇ ಓಡಿದವು: ಸಿಸ್ಟಮ್‌ಸಿಟಿಎಲ್ ಸ್ಟಾಪ್. ಎಂಟರ್.

ಕಿರುಚಾಟ ನಿಂತಿತು. ಗೋಡೆಯ ಕೆಂಪು ಚೌಕ ಮತ್ತೆ ಹಸಿರಾಯಿತು.

"ಒಳ್ಳೆ ತಲೆನೋವು ಇದು ಸಾರ್, ಮಾತಾಡೋಕೇ ಬಿಡಲ್ಲ. ಹ್ಞಾಂ, ಏನು ಹೇಳ್ತಿದ್ದೆ..."

ಡಾಕ್ಟರ ಕಣ್ಣು ಹಸಿರಪ್ಪನವರ ಬೆರಳುಗಳ ಮೇಲಿತ್ತು. ಅದನ್ನು ಕಂಡ ಮೇಲೆಯೇ ಅವರಿಗೆ ತಾವು ಮಾಡಿದ್ದೇನೆಂದು ಹೊಳೆದದ್ದು. ಕೈ ಹಿಂದಕ್ಕೆ ತೆಗೆದುಕೊಂಡು ಜೇಬಿಗಿಳಿಸಿದರು.

ಚಿಕ್ಕಮ್ಮ ತಲೆಯೆತ್ತಿ ಹಸಿರಪ್ಪನವರನ್ನೇ ನೋಡಿದಳು.

"ಸಾರ್, ನಾನು ಎರಡು ಬೀದಿ ಆಚೆ ಇರೋಳು. ಆವತ್ತು ನನ್ನ ಫೋನು ಒಂದ್ಸಲ ಹೀಗೆ ಕೂಗಿದ್ರೆ ಓಡಿ ಬಂದು ಔಷಧಿ ಉಳಿಸ್ತಿದ್ದೆ. ನಿಮಗೆ ಮಾತಾಡೋಕೆ ತೊಂದ್ರೆ ಆಗುತ್ತೆ ಅಂತ ಅದರ ಬಾಯಿ ಮುಚ್ಚಿಸಿ, ಈಗ ನನ್ನನ್ನ ಬಾಯಿ ಬಿಡು ಅಂತೀರಲ್ಲ!"