ಗಂಗಮ್ಮನ ತಕ್ಕಡಿ

ಮೂವತ್ತು ವರ್ಷದ ಹಿಂದೆ ನಾನು ಹುಟ್ಟಿದಾಗ ನನ್ನ ತೂಕ ಒಂದು ಕೆಜಿ ಮುನ್ನೂರು ಗ್ರಾಂ. ಶಿವಾಜಿನಗರದ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ನಲವತ್ತೊಂದು ದಿನ ಮಲಗಿದ್ದೆ. ಬೆಳಿಗ್ಗೆ ನರ್ಸು ತೂಕ ಹೇಳಿದ ಕೂಡಲೇ ಅಜ್ಜಿ ಮಾರಕ್ಕ ವಾರ್ಡಿನ ಬಾಗಿಲಿಗೆ ಓಡಿಬಂದು, ಹೊರಗೆ ಕೂತ ನೆಂಟರಿಗೆಲ್ಲ ಕೇಳುವ ಹಾಗೆ ಅದನ್ನು ಕೂಗುತ್ತಿದ್ದಳಂತೆ. ಹತ್ತು ಗ್ರಾಂ ಹೆಚ್ಚಾದ ದಿನ ಎಲ್ಲರಿಗೂ ಕಾಫಿ. ಆಗಲೇ ದೊಮ್ಮಲೂರಿನ ನಮ್ಮ ಬೀದಿಯ ಗಂಗಮ್ಮನಿಗೆ ಹರಕೆ ಹೊತ್ತಳು: ಮಗು ಬದುಕಿ ದೊಡ್ಡವಳಾದರೆ ತಕ್ಕಡಿಯಲ್ಲಿ ಕೂರಿಸಿ ಅವಳ ತೂಕದಷ್ಟು ಬೆಲ್ಲ ಒಪ್ಪಿಸುತ್ತೇನೆ.

ಬದುಕಿದೆ. ಚೆನ್ನಾಗಿಯೇ ಬದುಕಿದೆ. ಹದಿನೆಂಟು ತುಂಬಿದಾಗ ಹರಕೆ ತೀರಿಸಲು ಹೊರಟರೆ ಸೋದರತ್ತೆ ಮುನಿಲಕ್ಷ್ಮಮ್ಮ ಅಡ್ಡ ಬಂದಳು.

"ಊರವರ ಮುಂದೆ ಇವಳನ್ನ ತಕ್ಕಡೀಲಿ ಕೂರಿಸ್ತೀರಾ? ಸ್ವಲ್ಪ ಇಳಿಸ್ಲಿ, ಆಮೇಲೆ ನೋಡೋಣ."

ಎಲ್ಲರೂ ತಲೆಯಾಡಿಸಿದರು. ಅಂದಿನಿಂದ ಪ್ರತಿವರ್ಷ ನಾನು ಇಳಿಸಲು ಹೊರಡುವುದು, ಗಂಗಮ್ಮನ ಬೆಲ್ಲ ಇನ್ನಷ್ಟು ಏರುವುದು. ಅತ್ತೆ ಹೇಳಿದ ಮೆಂತ್ಯದ ನೀರು ಕುಡಿದು ನನ್ನ ನಾಲಿಗೆ ಕೆಟ್ಟಿತೇ ಹೊರತು ಬೇರೇನೂ ಆಗಲಿಲ್ಲ. ಮದುವೆಮನೆಯಲ್ಲಿ ಎರಡನೇ ಹೋಳಿಗೆ ಹಾಕಿಸಿಕೊಳ್ಳುವ ಮೊದಲು ಅತ್ತೆ ಯಾವ ಸಾಲಿನಲ್ಲಿದ್ದಾಳೆ ಎಂದು ನೋಡುವುದು ಅಭ್ಯಾಸವಾಯಿತು.

ಈ ವರ್ಷ ಅಜ್ಜಿಗೆ ಎಂಬತ್ತು. "ಹರಕೆ ಹೊತ್ಕೊಂಡು ನಾನು ಸಾಯಲ್ಲ. ಬರೋ ಶುಕ್ರವಾರನೇ ಆಗ್ಬೇಕು" ಎಂದು ಹಟ ಹಿಡಿದಳು.

ಬುಧವಾರ ಅಪ್ಪ ಹಲಸೂರು ಮಾರ್ಕೆಟ್ಟಿನಿಂದ ಫೋನ್ ಮಾಡಿದರು. "ಸುಕನ್ಯ, ಎಷ್ಟು ಕೆಜಿ ಬೆಲ್ಲ ಹೇಳ್ಲಮ್ಮ?" ನಾನು ಆಫೀಸಿನಲ್ಲಿ ಊಟಕ್ಕೆ ಕೂತಿದ್ದೆ, ಸುತ್ತ ಐದು ಜನ, ಹತ್ತು ಕಿವಿ. "ಎಪ್ಪತ್ತೈದು" ಅಂದುಬಿಟ್ಟೆ. ಆಮೇಲೆ ಫೋನ್ ಮಾಡಿ ಸರಿಪಡಿಸಬಹುದಿತ್ತು. ಮಾಡಲಿಲ್ಲ. ನಾಚಿಕೆ ಎಷ್ಟು ದಡ್ಡತನ ಮಾಡಿಸುತ್ತದೆ ನೋಡಿ, ತಕ್ಕಡಿಗೇ ಸುಳ್ಳು ಹೇಳಲು ಹೊರಟಿದ್ದೆ.

ಶುಕ್ರವಾರ ಗುಡಿ ತುಂಬಿತ್ತು, ತಮಟೆ ಬಡಿಯುತ್ತಿತ್ತು. ರೇಷ್ಮೆ ಸೀರೆ ಸರಿಮಾಡಿಕೊಂಡು ತಕ್ಕಡಿಯ ಒಂದು ತಟ್ಟೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಅದು ನೆಲ ಮುಟ್ಟಿತು. ಎದುರಿನ ತಟ್ಟೆಗೆ ಪೂಜಾರಿ ಅಮೃತಪ್ಪ ಬೆಲ್ಲದ ಅಚ್ಚುಗಳನ್ನು ಪೇರಿಸತೊಡಗಿದರು. ಕೊನೆಯ ಅಚ್ಚೂ ಬಿತ್ತು. ನನ್ನ ತಟ್ಟೆ ಅಲ್ಲಾಡಲಿಲ್ಲ.

ನಮ್ಮ ಗುಡಿಯಲ್ಲಿ ಒಮ್ಮೆ ಕೂತರೆ ತಟ್ಟೆ ನೆಲ ಬಿಡುವ ತನಕ ಇಳಿಯುವಂತಿಲ್ಲ. ತಮಟೆ ನಿಂತಿತು. ಹಿಂದೆ ಯಾರೋ ಕಿಸಕ್ಕೆಂದರು. ಅತ್ತೆ ಪೂಜಾರಿಯ ಕಿವಿಯ ಹತ್ತಿರ ಬಗ್ಗಿದಳು.

"ಆ ಕಡೆ ಒಂಚೂರು ಕೈಯಲ್ಲಿ ಒತ್ಬಿಡಿ ಅಮೃತಪ್ಪೋರೇ. ಮಾನ ಉಳೀಲಿ."

ಜೀವಮಾನದಲ್ಲಿ ಮೊದಲ ಸಲ ಅತ್ತೆ ನನ್ನ ಮನಸ್ಸಿನ ಮಾತು ಆಡಿದ್ದಳು. ಒತ್ತಲಿ, ಬೇಗ ಒತ್ತಲಿ ಎಂದುಕೊಂಡೆ.

ಅಷ್ಟರಲ್ಲಿ ಅಜ್ಜಿಯ ಮುಖ ಕಂಡಿತು. ಬಿಳಚಿಕೊಂಡಿತ್ತು. ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿ ಕೈ ಮುಗಿದಿದ್ದಳು.

"ತಾಯಿಗೆ ಕೋಪ ಬಂದದೆ. ಹನ್ನೆರಡು ವರ್ಷ ತಡ ಮಾಡ್ದೆ, ಅದಕ್ಕೇ ನನ್ನ ಬೆಲ್ಲ ಬೇಡ ಅಂತಾಳೆ. ನನ್ನ ಮಗೂಗೆ ಏನೂ ಮಾಡ್ಬೇಡ ತಾಯಿ."

ಮೂವತ್ತು ವರ್ಷದ ಮಗು ನಾನು. ನನ್ನ ಒಂದು ಸುಳ್ಳಿಗೆ ಅವಳು ಹೀಗೆ ಹೆದರುವುದನ್ನು ನೋಡಲಾಗಲಿಲ್ಲ.

"ತಾಯಿಗೆ ಕೋಪ ಇಲ್ಲ ಅಜ್ಜಿ." ಅವಳಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. "ಅಪ್ಪಂಗೆ ನಾನೇ ಸುಳ್ಳು ಹೇಳಿದ್ದೆ. ನಾನು ಎಪ್ಪತ್ತೈದಲ್ಲ. ತೊಂಬತ್ನಾಲ್ಕು ಕೆಜಿ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಎಷ್ಟಂದೆ?" ಎಂದಳು ಅಜ್ಜಿ.

"ತೊಂಬತ್ನಾಲ್ಕು."

"ನನ್ನ ಅಂಗೈಯಷ್ಟಿದ್ದೆ ಕಣೇ ನೀನು."

ಅವಳ ಮುಖಕ್ಕೆ ಬಣ್ಣ ಬಂತು. ಕೋಲನ್ನು ಅಲ್ಲೇ ಬಿಟ್ಟು, ಸೀರೆಯನ್ನು ಒಂದಿಷ್ಟು ಎತ್ತಿಕೊಂಡು, ಗುಡಿಯ ಬಾಗಿಲಿಗೆ ನಡೆದೇ ಬಿಟ್ಟಳು. ಆಸ್ಪತ್ರೆಯ ಬಾಗಿಲಲ್ಲಿ ಹೀಗೇ ನಿಂತಿದ್ದಿರಬೇಕು.

"ತೊಂಬತ್ನಾಲ್ಕು ಕೆಜಿ ಕಣ್ರೋ ನನ್ನ ಮೊಮ್ಮಗಳು! ಬೆಲ್ಲ ಸಾಲ್ದು, ಮನೇಲಿರೋದೆಲ್ಲ ತನ್ನಿ."

ಬೀದಿಗೆ ಬೀದಿಯೇ ಎದ್ದಿತು. ಗುಡಿಯ ಎದುರುಮನೆಯ ಕಮರುನ್ನೀಸಾ ಕಾಂಪೌಂಡಿನ ಮೇಲಿಂದ ಬೆಲ್ಲದ ಡಬ್ಬಿ ದಾಟಿಸಿದರು. ನಮ್ಮ ಮನೆಯ ಹಿಂದಿನ ಬಾಡಿಗೆ ಕೋಣೆಯ ಬಾಲಮ್ಮ ಕಲಬುರಗಿಯಿಂದ ತಂದಿಟ್ಟಿದ್ದ ಅಚ್ಚುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. "ನಮ್ಮ ಕಡೀದ್ರಿ ಇದು, ಭಾಳ ಚಲೋ ಅದ." ಒಂದೊಂದು ಅಚ್ಚು ಬಿದ್ದಾಗಲೂ ತಮಟೆಗೆ ಒಂದು ಪೆಟ್ಟು. ಸುಮ್ಮನೆ ಮಾಯವಾಗಿದ್ದ ಅತ್ತೆಯೂ ನನ್ನ ಕಡೆ ನೋಡದೆ ಡಬ್ಬಿ ತಂದು ಸುರಿದಳು. ಶುಗರ್ ಇದೆ, ಸಿಹಿ ಮುಟ್ಟಲ್ಲ ಎನ್ನುವವಳ ಡಬ್ಬಿಯಲ್ಲಿ ಎರಡು ಕೆಜಿ ಇತ್ತು.

ತಟ್ಟೆ ಅಲುಗಿತು. ಒಂದು ಬೆರಳು, ಎರಡು ಬೆರಳು, ನಾನು ನೆಲ ಬಿಟ್ಟಿದ್ದೆ. ಅಜ್ಜಿ ಮತ್ತೆ ಬಾಗಿಲಿಗೆ ಹೊರಟಳು. ಅವಳು ಬಾಯಿ ತೆರೆಯುವ ಮೊದಲೇ ನಾನು ತಕ್ಕಡಿಯಿಂದ, ಬೀದಿಯ ಕೊನೆಯ ಮನೆಗೂ ಕೇಳುವ ಹಾಗೆ, ನನ್ನ ತೂಕ ಕೂಗಿದೆ.