ಪೀಪಾಯಿ ಇಲ್ಲದ ಜಾಗ

ವಿಲ್ಫ್ರೆಡ್ ಆಕ್ರಾಯ್ಡನ ಹೊಟ್ಟೆಯುರಿಯ ಮೇಲೆ ಕೆಟಲ್ ಇಟ್ಟಿದ್ದರೆ ಯಾರ್ಕ್‌ಷೈರಿನ ಇಡೀ ಕರಾವಳಿಗೆ ಚಹಾ ಆಗುತ್ತಿತ್ತು. ಇದು ನಾನು ಕಡಿಮೆ ಮಾಡಿ ಹೇಳುತ್ತಿರುವ ಲೆಕ್ಕ.

ಹತ್ತೊಂಬತ್ತು ವರ್ಷಗಳಿಂದ, ಪ್ರತಿ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ, ಬಂಡೆದಂಡೆಯ ಮೈದಾನದ ಎರಡನೆಯ ಸಾಲಿನಲ್ಲಿ ಅವನ ಕ್ಯಾರವಾನ್, ಅಂದರೆ ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆ, ಬೇರು ಬಿಟ್ಟಂತೆ ನಿಂತಿರುತ್ತಿತ್ತು. ಕಿಟಕಿ ತೆರೆದರೆ ಕಾಣುತ್ತಿದ್ದುದು ಕಡಲಲ್ಲ, ಮೊದಲ ಸಾಲಿನ ಕ್ಲಿಫರ್ಡ್ ಸಗ್ಡನ್‌ನ ಕ್ಯಾರವಾನಿನ ಬೆನ್ನು. ಕಡಲಿನ ನೋಟ ಕ್ಲಿಫರ್ಡನಿಗೆ. ಅದೂ ಸಾಲದೆಂಬಂತೆ ಪ್ರತಿ ಜೂನ್‌ನಲ್ಲಿ ಕ್ಯಾರವಾನನ್ನು ಕಾರಿಗೆ ಸಿಕ್ಕಿಸಿಕೊಂಡು ಊರೂರು ತಿರುಗುವುದೂ ಅವನೇ. ಹೋಗುವಾಗ ತನ್ನ ನೀರಿನ ಪೀಪಾಯಿಯನ್ನು ಖಾಲಿ ಜಾಗದ ನಡುವೆ ನಿಲ್ಲಿಸುತ್ತಿದ್ದ. ಅಲ್ಲಿಯ ಕಟ್ಟಳೆಯೇ ಅದು: ಪೀಪಾಯಿ ಇದ್ದರೆ ಒಡೆಯ ಚಂದ್ರಲೋಕಕ್ಕೆ ಹೋಗಿದ್ದರೂ ಜಾಗ ಅವನದು. ಇಲ್ಲದಿದ್ದರೆ ಬಿಟ್ಟುಹೋದ ಎಂದರ್ಥ.

ಈ ಸಲ ಸ್ಕಾಟ್ಲೆಂಡಿನಿಂದ ಕ್ಲಿಫರ್ಡನ ಅಂಚೆ ಕಾರ್ಡ್ ಬಂತು. 'ಇಲ್ಲಿಯ ಕಡಲು ನಮ್ಮದಕ್ಕಿಂತ ನೀಲಿ.'

"ನಮ್ಮದಂತೆ, ನಮ್ಮದು" ಎಂದ ವಿಲ್ಫ್. "ನಮಗೆಲ್ಲಿದೆ ಕಡಲು?"

"ನಾವೂ ಒಂದ್ಸಲ ಸುತ್ತಾಡ್ಕೊಂಡು ಬರೋಣ ಕಣೋ" ಎಂದಳು ಹೆಂಡತಿ ಈನಿಡ್. "ನಮ್ಮ ಚಕ್ರಗಳಿಗೂ ತಾವು ಚಕ್ರ ಅನ್ನೋದು ಮರೆತುಹೋಗಿದೆ."

"ಜಾಗ ಬಿಟ್ಟು ಕದಲಲ್ಲ ನಾನು."

ಆದರೆ ಮರುದಿನ ಬೆಳಿಗ್ಗೆಯೇ ಕದಲಿದ, ಇಪ್ಪತ್ತು ಹೆಜ್ಜೆ. ಕ್ಲಿಫರ್ಡನ ಪೀಪಾಯಿಯನ್ನು ಬೇಲಿಯ ಮರೆಗೆ ಉರುಳಿಸಿ, ಆ ಜಾಗಕ್ಕೆ ತನ್ನ ಕ್ಯಾರವಾನ್ ಎಳೆದು ತಂದ.

"ಹುಲ್ಲಿಗೆ ನೆರಳು ಬೇಕಲ್ಲ" ಎಂದು ಈನಿಡ್‌ಗೆ ಸಮಜಾಯಿಷಿ ಕೊಟ್ಟ.

"ಅವನ ಪೀಪಾಯಿಯಲ್ಲೇ ನೀರು ಹಿಡಿಯೋ. ನಮ್ಮದು ನಮ್ಮ ಜಾಗದಲ್ಲೇ ಇರಲಿ."

"ಕ್ಲಿಫರ್ಡನ ಪೀಪಾಯಿ ನೀರು ನನ್ನ ಗಂಟಲಲ್ಲಿ ಇಳಿಯುತ್ತೇನೇ?" ಎಂದವನೇ ತನ್ನ ಪೀಪಾಯಿಯನ್ನೂ ಉರುಳಿಸಿಕೊಂಡು ಬಂದ.

ಮೂರು ದಿನ ಕಡಲು ನೋಡಿದ. ಅವನು ನೋಡಿದ ರಭಸಕ್ಕೆ ಕಡಲು ಎರಡು ಗೇಣು ಇಳಿದಿತ್ತು. ಬೇಕಾದರೆ ಮೀನುಗಾರರನ್ನು ಕೇಳಿ.

ನಾಲ್ಕನೆಯ ದಿನ ಮಧ್ಯಾಹ್ನ ಕ್ಲಿಫರ್ಡ್ ಒಂದು ವಾರ ಮೊದಲೇ ಬಂದಿಳಿದ. ಮಂಡಿ ಊದಿಕೊಂಡು ಕುಂಬಳಕಾಯಿ ಆಗಿತ್ತು. ತನ್ನ ಜಾಗದಲ್ಲಿ ಕಡಲಿಗೆ ಮುಖ ಮಾಡಿ, ಉಳಿದೆಲ್ಲಕ್ಕೂ ಬೆನ್ನು ಹಾಕಿ ಕುರ್ಚಿಯಲ್ಲಿ ಕುಳಿತವನನ್ನು ಕಂಡ.

"ಹಾಯಾಗಿದೆಯೇನಪ್ಪಾ, ವಿಲ್ಫ್?"

"ನಿನ್ನ ಹುಲ್ಲು ಕಾಯ್ತಿದ್ದೆ ಮಾರಾಯ. ಈಗಲೇ ಹೊರಟೆ."

ಹೊರಟು ನೋಡಿದರೆ ತನ್ನ ಜಾಗದಲ್ಲಿ ಯಾರದೋ ಹೊಚ್ಚ ಹೊಸ ಕ್ಯಾರವಾನ್, ಪಕ್ಕದಲ್ಲಿ ಕೆಂಪು ಪೀಪಾಯಿ. ಮೈದಾನದ ಉಸ್ತುವಾರಿ ಶ್ರೀಮತಿ ಥ್ಯಾಕ್ರೆ ಬಂದರು.

"ಪೀಪಾಯಿ ಇರಲಿಲ್ಲ ವಿಲ್ಫ್ ಅವ್ರೇ. ಬಿಟ್ಟು ಹೋದ್ರಿ ಅಂದ್ಕೊಂಡೆ. ಸರದಿಯಲ್ಲಿದ್ದವರಿಗೆ ಬೆಳಿಗ್ಗೆಯಷ್ಟೇ ಕೊಟ್ಟೆ."

"ಇಪ್ಪತ್ತು ಹೆಜ್ಜೆ ಆಚೆ ಇದ್ದೆನಲ್ರೀ."

"ಕ್ಲಿಫರ್ಡ್ ಅವರ ಜಾಗದಲ್ಲಿ ನೀವಿರ್ತೀರಿ ಅಂತ ನನಗೆ ಕನಸು ಬೀಳುತ್ತಾ? ಮುಂದಿನ ಮಾರ್ಚ್‌ಗೆ ನೋಡೋಣ."

ವಿಲ್ಫ್ ಪೀಪಾಯಿಯನ್ನು ಕ್ಯಾರವಾನಿನೊಳಗೆ ತಳ್ಳಿ, ಕ್ಯಾರವಾನನ್ನು ಕಾರಿಗೆ ಸಿಕ್ಕಿಸಿದ. ಈನಿಡ್ ಆಗಲೇ ಬಿಸ್ಕತ್ತಿನ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕುಳಿತಿದ್ದಳು. ಮುಖದ ಮೇಲೆ ಹತ್ತೊಂಬತ್ತು ವರ್ಷ ಕೂಡಿಟ್ಟ ನಗು.

"ಎಲ್ಲಿಗೆ?" ಎಂದು ಕೂಗಿದ ಕ್ಲಿಫರ್ಡ್, ಮಂಡಿ ತಿಕ್ಕುತ್ತಾ.

"ಸ್ಕಾಟ್ಲೆಂಡು. ಪೂರ್ತಿ. ಆಮೇಲೆ ವೇಲ್ಸು" ಎಂದ ವಿಲ್ಫ್.

"ಪುಣ್ಯವಂತ ಕಣಯ್ಯಾ. ಡಾಕ್ಟರು ನನಗಿನ್ನು ಕಾರು ಓಡಿಸಲೇಬೇಡ ಅಂದಿದಾರೆ." ಕ್ಲಿಫರ್ಡನ ಕಣ್ಣು ವಿಲ್ಫ್‌ನ ಚಕ್ರಗಳ ಮೇಲೆಯೇ ನಿಂತಿತ್ತು. ಆ ನೋಟವನ್ನು ವಿಲ್ಫ್ ಗುರುತು ಹಿಡಿದ. ದಿನಾ ಕನ್ನಡಿಯಲ್ಲಿ ಕಂಡದ್ದೇ.

ಹನ್ನೆರಡು ಮೈಲಿ ದಾಟುವಷ್ಟರಲ್ಲಿ ಚಹಾಕ್ಕೆಂದು ನಿಲ್ಲಿಸಿ, ಕ್ಲಿಫರ್ಡನಿಗೊಂದು ಕಾರ್ಡ್ ಕೊಂಡು ಬರೆದ: 'ಇಲ್ಲಿಯ ಕಡಲು ನಿಮ್ಮದಕ್ಕಿಂತ ನೀಲಿ.'

ಈನಿಡ್ ಕಿಟಕಿಯಾಚೆ ಇಣುಕಿದಳು. ಎದುರಿಗಿದ್ದುದು ಶೌಚಾಲಯದ ಗೋಡೆ.

"ನೀಲಿ ಬಣ್ಣವೇನೋ ಹೌದು" ಎಂದು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದಳು.